ಕಪ್ಪು ಬೊಟ್ಟಿನ ಗುಂಡುಗಳು

ಚುನಾವಣೆ ಘೋಷಣೆಯಾದ ದಿನ ಅಹಮದಾಬಾದಿನಲ್ಲಿ ಎಲ್ಲರೂ ಟೀವಿ ಹಾಕಿಕೊಂಡು ಕೂತರೆ ನಮ್ಮಪ್ಪ ಬೀರುವಿನ ಬೀಗ ತೆಗೆದು ಕೋವಿ ಹೊರಗಿಡುತ್ತಾರೆ. ಲೈಸೆನ್ಸ್ ಇರುವ ಆಯುಧಗಳನ್ನು ಮತದಾನ ಮುಗಿಯುವವರೆಗೆ ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂಬುದು ನಿಯಮ. ವೋಟು ಹಾಕುವ ಪ್ರಜೆಯ ಮೇಲೆ ಸರ್ಕಾರಕ್ಕೆ ಎಷ್ಟು ವಿಶ್ವಾಸವಿದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ. ಎಂಬತ್ತರ ಹತ್ತಿರ ಬಂದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋವಿಯನ್ನು ಅಮ್ಮನ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತುತ್ತಾರೆ. ಒಮ್ಮೆ ಆಟೋದವನು ಅದನ್ನು ತಂಬೂರಿ ಎಂದುಕೊಂಡು ಭಜನೆ ಎಲ್ಲಿದೆ ಎಂದು ಕೇಳಿದ್ದ. ಅಪ್ಪ ಗಂಭೀರವಾಗಿ ಠಾಣೆಯ ದಾರಿ ಹೇಳಿದ್ದರು.

ಕೋವಿ ನನ್ನ ತಾತನದು. ನಂಜನಗೂಡಿನ ಹತ್ತಿರ ಅವರ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತಿದ್ದವಂತೆ, ಅದಕ್ಕಾಗಿ ಲೈಸೆನ್ಸ್ ಮಾಡಿಸಿದ ತ್ರೀ ಒನ್ ಫೈವ್ ರೈಫಲ್. ತಾತ ತೀರಿಕೊಂಡ ಮೇಲೆ ಗದ್ದೆ ಚಿಕ್ಕಪ್ಪಂದಿರಿಗೆ ಹೋಯಿತು, ಕೋವಿ ಅಪ್ಪನ ಪಾಲಿಗೆ ಬಂತು. ಅಪ್ಪ ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಜೀವಮಾನವಿಡೀ ಲೋಹಗಳ ಗುಣ ಅಳೆಯುತ್ತ ಕೂತಿದ್ದವರು. ಹಂದಿ ಬೇಟೆಯ ಯೋಗ ಅವರಿಗೆ ಬರಲಿಲ್ಲ. ಪ್ರತಿ ಭಾನುವಾರ ಹಾಲಿನಲ್ಲಿ ಪೇಪರು ಹಾಸಿಕೊಂಡು ಕೋವಿಗೆ ಎಣ್ಣೆ ಹಾಕಿ ಒರೆಸುತ್ತಿದ್ದರು, ಅಷ್ಟೆ. ಆ ಕೋವಿ ನಮ್ಮ ಮನೆಯಲ್ಲಿ ಕೊಂದದ್ದೇನಾದರೂ ಇದ್ದರೆ ಅದು ಅಮ್ಮನ ಭಾನುವಾರಗಳನ್ನು ಮಾತ್ರ.

ಅಮ್ಮ ಎರಡು ವರ್ಷದ ಹಿಂದೆ ಹೋದಳು. ಅವಳಿಗೆ ದೃಷ್ಟಿಯಲ್ಲಿ ಇದ್ದ ನಂಬಿಕೆ ದೇವರಲ್ಲೂ ಇರಲಿಲ್ಲ. ಹೊಳೆಯುವುದೆಲ್ಲಕ್ಕೂ ಕಣ್ಣು ಬೀಳುತ್ತದೆಂದು ಹೊಸ ಕುಕ್ಕರಿನ ಹಿಡಿಗೆ, ಫ್ರಿಜ್ಜಿನ ಹಿಂಬದಿಗೆ, ನನ್ನ ಸ್ಕೂಟರಿನ ನಂಬರ್ ಪ್ಲೇಟಿನ ಕೆಳಗೆ ಒಂದೊಂದು ಕಪ್ಪು ಬೊಟ್ಟು ಇಡುತ್ತಿದ್ದಳು. ಆಯುಧಪೂಜೆಯ ದಿನವಂತೂ ಕೇಳಬೇಡಿ. ಕೆಳಗೆ ಸೊಸೈಟಿಯವರೆಲ್ಲ ಗರ್ಬಾಕ್ಕೆ ಮೈಕು ಕಟ್ಟುತ್ತಿದ್ದರೆ ಮೇಲೆ ನಮ್ಮ ಹಾಲಿನಲ್ಲಿ ಈಳಿಗೆಮಣೆ, ಮಿಕ್ಸಿ, ಕತ್ತರಿ, ನನ್ನ ಆಫೀಸಿನ ಲ್ಯಾಪ್‌ಟಾಪು, ಕೋವಿ ಎಲ್ಲವೂ ಸಾಲಾಗಿ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ಕಾಡತೂಸುಗಳಿಗೆ ಮಾತ್ರ ಕುಂಕುಮವಿಲ್ಲ, ಕಪ್ಪು ಬೊಟ್ಟು. ಮೊದಲು ಕಾಡಿಗೆ ಹಚ್ಚುತ್ತಿದ್ದಳು. ಅದು ಅಪ್ಪನ ಕೈಗೆಲ್ಲ ಮೆತ್ತಿ ಜಗಳವಾದ ಮೇಲೆ ಕಿಟಕಿಯ ಗ್ರಿಲ್ಲಿಗೆ ಬಳಿದು ಮಿಕ್ಕ ಕಪ್ಪು ಪೇಂಟನ್ನು ಊದುಬತ್ತಿಯ ಕಡ್ಡಿಯಲ್ಲಿ ಅದ್ದಿ ಒಂದೊಂದೇ ಗುಂಡಿನ ತುದಿಗೆ ಇಟ್ಟಳು. ಕೆನ್ನೆಗಿಟ್ಟರೆ ಬೊಟ್ಟು ಬೊಟ್ಟಾಗಿಯೇ ಉಳಿಯುತ್ತದೆ. ಗುಂಡಿನ ಮೂತಿಗಿಟ್ಟರೆ ಟೋಪಿಯಾಗುತ್ತದೆ.

"ಸೀಸದ ಗುಂಡಿಗೂ ದೃಷ್ಟಿ ತಾಗತ್ತೇನೆ?" ಎಂದು ಅಪ್ಪ ಪ್ರತಿ ವರ್ಷ ರೇಗಿಸುತ್ತಿದ್ದರು.

"ನಿಮಗ್ಯಾಕೆ ಅದೆಲ್ಲ? ನೀವು ಎಣ್ಣೆ ಹಾಕೋದ್ ಹಾಕಿ," ಎಂದು ಅಮ್ಮ ಕಡ್ಡಿ ಅದ್ದುತ್ತಿದ್ದಳು.

ಹಿಂದಿನ ಚುನಾವಣೆಗಳಲ್ಲೆಲ್ಲ ಠಾಣೆಯವರು ಪಟ್ಟಿಯಲ್ಲಿದ್ದ ಕಾಡತೂಸುಗಳ ಬೆನ್ನು ಎಣಿಸಿ ರಸೀದಿ ಕೊಟ್ಟು ಕಳಿಸಿದ್ದರು. ಮೂತಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಈ ಸಲ ಹೊಸ ಸಬ್‌ಇನ್‌ಸ್ಪೆಕ್ಟರ್ ಬಂದಿದ್ದರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಇವರು ಪಟ್ಟಿಯಿಂದ ಒಂದು ಕಾಡತೂಸು ಹೊರಗೆಳೆದರು, ಇನ್ನೊಂದು ಎಳೆದರು, ಆಮೇಲೆ ಎಲ್ಲವನ್ನೂ ಎಳೆದು ಮೇಜಿನ ಮೇಲೆ ನಿಲ್ಲಿಸಿದರು. ನಾನು ಆ ದಿನ ಅರ್ಧ ದಿನದ ರಜೆ ಹಾಕಿ ಅಪ್ಪನ ಜೊತೆ ಹೋಗಿದ್ದೆ. ಕಪ್ಪು ಟೋಪಿ ತೊಟ್ಟ ಗುಂಡುಗಳು ಸಾಲಾಗಿ ನಿಂತದ್ದು ನೋಡಿ ನನಗೆ ಅಮ್ಮನ ನೆನಪಾಯಿತು. ಸಬ್‌ಇನ್‌ಸ್ಪೆಕ್ಟರಿಗೆ ತರಬೇತಿಯ ನೆನಪಾಯಿತು.

ಅವರು ಫೋನಿನಲ್ಲಿ ಒಂದು ಬಣ್ಣದ ಚಾರ್ಟು ತೆಗೆದರು. ಹಲವು ದೇಶಗಳ ಸೈನ್ಯಗಳಲ್ಲಿ ಗುಂಡಿನ ತುದಿಗೆ ಬಣ್ಣ ಬಳಿದು ಗುರುತು ಮಾಡುತ್ತಾರಂತೆ. ಕೆಂಪು ತುದಿಯದು ಹಾರುವಾಗ ಉರಿಯುತ್ತ ದಾರಿ ತೋರುವ ಗುಂಡು. ಕಪ್ಪು ತುದಿಯದು ಕವಚಭೇದಿ, ಎಂದರೆ ಉಕ್ಕಿನ ತಗಡನ್ನೂ ತೂರಿಕೊಂಡು ಹೋಗುವಂಥದ್ದು.

"ಕಾಕಾ, ಇದು ಎಲ್ಲಿ ಸಿಕ್ಕಿತು?" ಎಂದರು. ಅವರು ಹಿಂದಿಗೆ ಗುಜರಾತಿ ಬೆರೆಸಿ ಆಡಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಸೈನ್ಯದ ಮಾಲು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ನಿಷೇಧಿತ ಅಂತಾದರೆ ಲೈಸೆನ್ಸ್ ನಡೆಯೋಲ್ಲ, ಕೇಸಾಗುತ್ತದೆ. ಜೈಲಿನ ಕೇಸು."

"ಅಂಗಡೀಲಿ ತಗೊಂಡಿದ್ದು. ರಸೀದಿ ಇದೆ," ಎಂದರು ಅಪ್ಪ.

"ರಸೀದಿಯಲ್ಲಿ ಕಪ್ಪು ಅಂತ ಬರೆದಿಲ್ಲವಲ್ಲ."

ಅದು ನಿಜ. ದೃಷ್ಟಿಬೊಟ್ಟಿಗೆ ಯಾವ ಅಂಗಡಿಯವರೂ ಬಿಲ್ಲು ಹಾಕುವುದಿಲ್ಲ. ಕೋವಿ, ಕಾಡತೂಸು ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಅರಗು ಹಾಕಿದರು. ಪ್ರಯೋಗಾಲಯಕ್ಕೆ ಕಳಿಸಬೇಕೋ, ಇಲ್ಲಿಯೇ ತೀರ್ಮಾನಿಸಬಹುದೋ ಎಂದು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು ಸಬ್‌ಇನ್‌ಸ್ಪೆಕ್ಟರ್. ಪ್ರಯೋಗಾಲಯಕ್ಕೆ ಹೋದರೆ ಮೊದಲು ಕೇಸು ದಾಖಲಾಗಬೇಕಂತೆ. ಆರೋಪಿ ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ನಿರಪರಾಧಿ ಇಲ್ಲ. ವರದಿ ಬರುವುದು ಯಾವ ಕಾಲಕ್ಕೋ, ಅಲ್ಲಿಯವರೆಗೆ ಅಪ್ಪ ಆರೋಪಿಯಾಗಿ ಕಾಯಬೇಕು. ಮನೆಗೆ ಬರುವಾಗ ಆಟೋದಲ್ಲಿ ಅಪ್ಪ ಅಮ್ಮನ ಸೀರೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಬಾಯಲ್ಲಿ ಬೈಗುಳ ತುಂಬಿತ್ತು.

ನಾನು ಬೈದರೆ ಅದಕ್ಕೆ ಅರ್ಥವಿಲ್ಲ ಎಂಬುದೂ ಗೊತ್ತಿತ್ತು. ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನನ್ನ ಆಫೀಸು, ವಿಮಾ ಕ್ಲೇಮು ನೋಡುವ ಕೆಲಸ. ಮಳೆಗಾಲದಲ್ಲಿ ಕಾರು ಮುಳುಗಿತು ಎಂದು ಒಬ್ಬ ಗೋಳಾಡಿಕೊಂಡು ಬಂದರೆ ನೀರು ಮೇಲಿಂದ ಬಂತೋ ಕೆಳಗಿಂದ ಬಂತೋ ಎಂದು ಕೇಳುವವಳು ನಾನೇ. ಮುಳುಗಿದವನಿಗೆ ನೀರೆಲ್ಲ ಒಂದೇ. ನಮಗೆ ಹಾಗಲ್ಲ, ಬೇರೆ ಬೇರೆ ನೀರಿಗೆ ಪಾಲಿಸಿಯಲ್ಲಿ ಬೇರೆ ಬೇರೆ ಷರತ್ತು ಇದೆ. ಆದ್ದರಿಂದ ಆ ಸಬ್‌ಇನ್‌ಸ್ಪೆಕ್ಟರ್ ನನಗೆ ಅಪರಿಚಿತರೆನಿಸಲಿಲ್ಲ. ನಮ್ಮದೇ ಕುಲದವರು.

ಆ ಶನಿವಾರ ವಡೋದರದಿಂದ ಮಗಳು ಬಂದಳು. ಅವಳು ಅಲ್ಲಿ ಮಂಜಲ್‌ಪುರದಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಮೂರು ಭಾಷೆಗಳ ಭೇಳ್‌ಪುರಿ. ವಿಷಯ ಕೇಳಿದ ತಕ್ಷಣ ಫೋನು ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಅಮೆರಿಕದ ಕಾನೂನು ಅವಳ ಕೈಗೆ ಸಿಕ್ಕಿತ್ತು.

"ತಾತ, ವಹಾಂ ಪೆ ಏನ್ ಪಿಯರ್ಸ್ ಮಾಡತ್ತೆ ಅಂತ ಕೇಳೋದೇ ಇಲ್ಲ! ಕಾಯ್ದೇಲಿ ಟೆಸ್ಟೇ ಇಲ್ಲ!"

"ಮತ್ತೇನ್ ಕೇಳ್ತಾರೆ?" ಎಂದರು ಅಪ್ಪ. ಲೋಹದ ಮಾತು ಬಂದದ್ದೇ ಅವರ ಬೆನ್ನು ನೆಟ್ಟಗಾಯಿತು.

"ಒಳಗಡೆ ಮೆಟಲ್ ಯಾವ್ದು ಅಂತ. ಟಂಗ್‌ಸ್ಟನ್, ಸ್ಟೀಲ್, ಐರನ್, ಬ್ರಾಸ್, ಬ್ರಾಂಝ್... ಇಂಥದರಲ್ಲೇ ಮಾಡಿರಬೇಕು. ಔರ್ ಪಿಸ್ತೂಲ್‌ನಲ್ಲಿ ಹಾಕಕ್ಕೆ ಬರಬೇಕು. ತಬ್ ಜಾಕೆ ಅದು ಕವಚ ತೂರೋ ಗುಂಡು."

ಅಂದರೆ ಸಂಗತಿ ಹೀಗೆ. ಪೊಲೀಸರು ತೊಡುವ ಮಾಮೂಲು ಕವಚ ಪಿಸ್ತೂಲಿನ ಗುಂಡು ತಡೆಯಲೆಂದು ಹೊಲಿದದ್ದು. ರೈಫಲ್ಲಿನ ಗುಂಡು ಸೀಸದ್ದಾಗಿದ್ದರೂ ಸಾಮಾನ್ಯವಾಗಿ ಅದನ್ನು ತೂರಿಕೊಂಡೇ ಹೋಗುತ್ತದೆ. ಆದರೂ ಆ ಕಾನೂನಿನ ಪ್ರಕಾರ ಅದು ಕವಚಭೇದಿಯಲ್ಲ, ಏಕೆಂದರೆ ಅದರ ಹೊಟ್ಟೆಯಲ್ಲಿರುವುದು ಸೀಸ. ಇನ್ನೊಂದು ಉಕ್ಕಿನ ಹೊಟ್ಟೆಯ ರೈಫಲ್ ಗುಂಡು ವರ್ಷಗಟ್ಟಲೆ ಸಾಧುವಾಗಿ ಅಂಗಡಿಯಲ್ಲಿ ಕೂತಿರುತ್ತದೆ. ಯಾವನೋ ಒಬ್ಬ ಆ ಗುಂಡು ಹಿಡಿಸುವಂಥ ಪಿಸ್ತೂಲು ಮಾಡುತ್ತಾನೆ. ಅಂಗಡಿಯಲ್ಲಿ ಕೂತಿದ್ದ ಗುಂಡು ಕೂತಲ್ಲೇ ಕವಚಭೇದಿಯಾಗಿಬಿಡುತ್ತದೆ. ಮತ್ತೊಂದು ಹಸಿರು ತುದಿಯ ಗುಂಡಿಗೆ ಮೂತಿಯೊಳಗೆ ಉಕ್ಕಿನ ತುಂಡಿದೆ, ಆದರೆ ಅದು ಆಟಕ್ಕೆ ಬಳಸುವಂಥದ್ದು ಎಂದು ವಿನಾಯಿತಿ. ದೊಡ್ಡ ಮನೆಯ ಮಕ್ಕಳಿಗೆ ಎಲ್ಲ ಕಡೆಯೂ ವಿನಾಯಿತಿ ಇರುತ್ತದೆ.

ಇಷ್ಟು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಏನು ಮಾಡಿತು ಎಂದು ಕೇಳುವುದಿಲ್ಲ, ಯಾವ ಹೊಟ್ಟೆಯಲ್ಲಿ ಹುಟ್ಟಿತು, ಯಾರ ಜೊತೆ ಸಂಬಂಧ ಬೆಳೆಸಬಹುದು ಎಂದು ಕೇಳುತ್ತಾರೆ. ನಮ್ಮ ಕಡೆ ಮದುವೆಯ ಮಾತುಕತೆಗೆ ಬರುವ ಹಿರಿಯರು ಇದನ್ನು ಅಮೆರಿಕದವರಿಗಿಂತ ಮುಂಚೆ ಕಂಡುಹಿಡಿದಿದ್ದಾರೆ. ನಮ್ಮ ದೇಶದ ಗುಂಡುಗಳಿಗೂ ವರ್ಣವ್ಯವಸ್ಥೆ ಉಂಟು. ತ್ರೀ ನಾಟ್ ತ್ರೀ ತೆಳ್ಳಗಿದೆ, ಆದರೆ ಸೈನ್ಯ ಪೊಲೀಸಿನವರು ಮುಟ್ಟಿದ್ದರಿಂದ ಅದು ಪ್ರಜೆಗಳಿಗೆ ನಿಷಿದ್ಧ. ತ್ರೀ ಒನ್ ಫೈವ್ ಅದಕ್ಕಿಂತ ಒಂದು ಎಳೆ ದಪ್ಪ, ಅದನ್ನು ಪ್ರಜೆಗಳು ಲೈಸೆನ್ಸ್ ಪಡೆದು ಇಟ್ಟುಕೊಳ್ಳಬಹುದು. ದಪ್ಪನೆಯ ಗುಂಡು ನಿಮಗೆ, ತೆಳ್ಳನೆಯದು ನಮಗೆ ಎಂದು ಸರ್ಕಾರ ಹಂಚಿಕೊಂಡಿದೆ.

"ಸೀಸ ಅಂತ ಪ್ರೂವ್ ಮಾಡಿದ್ರೆ ಸಾಕಲ್ವಾ? ಮ್ಯಾಗ್ನೆಟ್ ಹಿಡಿಯೋಣ. ಸ್ಟೀಲ್ ಇದ್ರೆ ಅಂಟತ್ತೆ, ಇಲ್ಲಾಂದ್ರೆ ಇಲ್ಲ," ಎಂದಳು ಮಗಳು.

ನಮ್ಮ ಫ್ರಿಜ್ಜಿನ ಮೇಲೆ ಮೈಸೂರು ಅರಮನೆಯ ಆಕಾರದ ಆಯಸ್ಕಾಂತವಿತ್ತು. ಸೋಮವಾರ ನಾವು ಮೂವರೂ ಅದನ್ನು ತೆಗೆದುಕೊಂಡು ಠಾಣೆಗೆ ಹೋದೆವು. ಸಬ್‌ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು. ಅರಗು ಒಡೆದು ಒಂದು ಕಾಡತೂಸು ಹೊರತೆಗೆದು ತಾವೇ ಆಯಸ್ಕಾಂತ ಹಿಡಿದರು. ಅಂಟಲಿಲ್ಲ. ಇನ್ನೊಂದಕ್ಕೆ ಹಿಡಿದರು, ಅದೂ ಇಲ್ಲ. ಅವರ ಮುಖದಲ್ಲಿ ನಿರಾಳ ಕಂಡಿತು. ಮಗಳು ನನ್ನ ಕೈ ಹಿಂಡಿದಳು.

"ಹಾಗಾದರೆ ಒಳಗೆ ಉಕ್ಕಿಲ್ಲ. ಅಲ್ಲವಾ ಕಾಕಾ? ನೀವು ವಿಜ್ಞಾನಿ, ನೀವೇ ಹೇಳಿ," ಎಂದರು ಸಬ್‌ಇನ್‌ಸ್ಪೆಕ್ಟರ್.

ಅಪ್ಪ ಹೂಂ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾರಾದರೂ ಅರ್ಧ ಸತ್ಯ ಹೇಳಿದರೆ ಅಪ್ಪನಿಗೆ ಊಟ ಸೇರುವುದಿಲ್ಲ. ಕನ್ನಡಕ ಸರಿಮಾಡಿಕೊಂಡು, "ಉಕ್ಕಿಲ್ಲ ಅನ್ನೋದು ಸರಿ. ಆದರೆ ಇಷ್ಟರಿಂದ ಕವಚಭೇದಿ ಅಲ್ಲ ಅಂತ ತೀರ್ಮಾನಿಸಕ್ಕಾಗಲ್ಲ. ಟಂಗ್‌ಸ್ಟನ್ ಕೂಡ ಆಯಸ್ಕಾಂತಕ್ಕೆ ಅಂಟಲ್ಲ. ಹಿತ್ತಾಳೆನೂ ಅಂಟಲ್ಲ," ಎಂದರು.

ಮಗಳು ಹಣೆ ಚಚ್ಚಿಕೊಂಡಳು. ಸಬ್‌ಇನ್‌ಸ್ಪೆಕ್ಟರ್ ಆಯಸ್ಕಾಂತವನ್ನು ಮೇಜಿನ ಮೇಲಿಟ್ಟು ಕಾಡತೂಸನ್ನು ಮತ್ತೆ ಬಟ್ಟೆಯೊಳಗೆ ಹಾಕಿದರು. ತನ್ನ ಕೈಗೆ ತಾನೇ ಕೋಳ ಹಾಕಿಕೊಳ್ಳುವವರನ್ನು ಅವರು ಅದುವರೆಗೆ ನೋಡಿರಲಿಲ್ಲವೆಂದು ತೋರುತ್ತದೆ.

ಇನ್ನು ತಡೆಯಲಾರದೆ ನಾನೇ ಬಾಯಿ ಬಿಟ್ಟೆ. ಅದು ಸೈನ್ಯದ ಬಣ್ಣವಲ್ಲ, ಗ್ರಿಲ್ಲಿನ ಬಣ್ಣ, ನಮ್ಮಮ್ಮ ಆಯುಧಪೂಜೆಯ ದಿನ ಹಚ್ಚಿದ ದೃಷ್ಟಿಬೊಟ್ಟು ಎಂದೆ. ಇಲ್ಲಿಯ ಮಾತಿನಲ್ಲಿ ಕಾಳೋ ಟೀಕೋ, ನಜರ್ ತಾಗದಿರಲಿ ಎಂದು ಇಡುವುದು ಎಂದು ಬಿಡಿಸಿ ಹೇಳಿದೆ. ಅವರು ನಕ್ಕಾರು ಎಂದುಕೊಂಡಿದ್ದೆ. ನಗಲಿಲ್ಲ. ತಮ್ಮ ಫೋನು ತೆಗೆದು ಒಂದು ಫೋಟೋ ತೋರಿಸಿದರು. ಅವರ ಕೂಸು, ಹಣೆಯ ಒಂದು ಬದಿಗೆ ಇಷ್ಟಗಲ ಕಾಡಿಗೆಯ ಬೊಟ್ಟು.

"ನನ್ನ ತಾಯಿ ಇಟ್ಟದ್ದು. ನಮ್ಮ ಠಾಣೆಯಲ್ಲೂ ದಸರಾಕ್ಕೆ ಶಸ್ತ್ರಪೂಜೆ ಮಾಡುತ್ತೇವೆ ಬೇನ್. ನನಗೆ ಎಲ್ಲ ಅರ್ಥವಾಯಿತು," ಎಂದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಆದರೆ ಇದನ್ನು ಬರೆಯುವುದು ಹೇಗೆ?" ಎಂದರು.

ಮನುಷ್ಯನಾಗಿ ಅವರಿಗೆ ಅರ್ಥವಾಗಿತ್ತು, ಅಧಿಕಾರಿಯಾಗಿ ಆಗಿರಲಿಲ್ಲ. ಬಣ್ಣದ ಉದ್ದೇಶವೇನು ಎಂಬಲ್ಲಿ ನಜರ್ ಎಂದು ಬರೆದರೆ ಮೇಲಿನವರು ಅವರನ್ನೇ ಎಲ್ಲಿಗಾದರೂ ವರ್ಗ ಮಾಡುತ್ತಾರಂತೆ. ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದರು. ಬಣ್ಣ ಹಚ್ಚಿದ್ದು ಲೈಸೆನ್ಸುದಾರರ ಹೆಂಡತಿ, ಅದು ಲೈಸೆನ್ಸುದಾರರಿಗೆ ತಿಳಿದಿರಲಿಲ್ಲ, ಆಕೆ ಈಗ ಬದುಕಿಲ್ಲ ಎಂದು ಅಪ್ಪ ಹೇಳಿಕೆ ಕೊಟ್ಟರೆ ಸಾಕು. ಮದ್ದುಗುಂಡನ್ನು ತಿದ್ದಿದ ತಪ್ಪು ಅಮ್ಮನ ಹೆಸರಿಗೆ ಹೋಗುತ್ತದೆ. ತೀರಿಕೊಂಡವರ ಮೇಲೆ ಕೇಸು ನಡೆಯುವುದಿಲ್ಲ. ಕಡತ ಮುಚ್ಚುತ್ತದೆ.

"ಬೇರೆ ಏನಾದ್ರೂ ದಾರಿ ಇದ್ಯಾ?" ಎಂದು ಅಪ್ಪ ಕೇಳಿದರು.

"ಇಲ್ಲದಿದ್ದರೆ ಪ್ರಯೋಗಾಲಯ ಕಾಕಾ. ಅದಕ್ಕೆ ಮೊದಲು ಕೇಸು. ನಾಳೆ ಬಂದು ಹೇಳಿ."

ನನ್ನ ಗಂಡ ಸೂರತ್‌ನ ಬ್ಯಾಂಕೊಂದರಲ್ಲಿ ಇದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಅವರಿಗೆ ಫೋನು ಮಾಡಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ? ಅತ್ತೆ ಮೇಲೆ ಹಾಕ್ಬಿಡಿ. ಅವರೇನು ಕೋರ್ಟಿಗೆ ಓಡಾಡ್ಬೇಕಾ? ಇರೋರನ್ನ ಉಳಿಸ್ಕೊಳ್ಳೋದು ನೋಡಿ," ಎಂದರು. ಬ್ಯಾಂಕಿನಲ್ಲಿ ಸಾಲಗಾರ ಸತ್ತರೆ ಕಡತ ಹೇಗೆ ಮುಚ್ಚಬೇಕೆಂಬುದು ಅವರಿಗೆ ಅಭ್ಯಾಸ. ನನಗೂ ಅದೇ ಸರಿ ಅನ್ನಿಸಿತು. ಅಮ್ಮ ಇದ್ದಿದ್ದರೆ ಅವಳೇ ಮುಂದೆ ಬಂದು ನನ್ನ ಮೇಲೆ ಹಾಕಿ ಎನ್ನುತ್ತಿದ್ದಳು. ಅಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅವಳಿಗೆ ಬೇಕಿತ್ತೇ?

ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ ಈ ಮಾತನ್ನು ಅಪ್ಪನ ಮುಂದಿಟ್ಟೆ. ಅವರು ಲೋಟ ಕೆಳಗಿಟ್ಟರು.

"ಉಪ್ಪು ಜಾಸ್ತಿ ಆದ್ರೆ ಅವಳ ಮೇಲೆ. ನಿನಗೆ ಮಾರ್ಕ್ಸ್ ಕಮ್ಮಿ ಬಂದ್ರೆ ಅವಳ ಮೇಲೆ. ನನ್ನ ಪ್ರಮೋಷನ್ ತಪ್ಪಿದ್ದಕ್ಕೂ ಅವತ್ತು ಅವಳು ಎದುರಿಗೆ ಬಂದಳು ಅಂತ ಅವಳ ಮೇಲೇ ಹಾಕಿದ್ದೆ. ಇದ್ದಾಗ ಎಲ್ಲಾ ಹಾಕಿದ್ದಾಯ್ತಲ್ಲ. ಇನ್ನೂ ಸಾಲದಾ?"

"ಅಪ್ಪ, ಕೇಸಾಗತ್ತೆ. ಜೈಲು ಅಂತಿದಾರೆ."

"ಆಗ್ಲಿ."

ಆಗ್ಲಿ ಎಂದ ಬಾಯಿಯೇ ಆಮೇಲೆ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀಯ ಎಂದು ಎರಡು ಸಲ ಕೇಳಿತು. ಅವರಿಗೂ ಭಯವಿತ್ತು. ನನಗಂತೂ ಅಳು ಬಂತು. ಅತ್ತೂಬಿಟ್ಟೆ, ಆಮೇಲೆ ಸಿಟ್ಟಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಕುಕ್ಕಿದೆ. ಒಂದು ಡಬ್ಬಿ ಗ್ರಿಲ್ ಪೇಂಟಿಗಾಗಿ ಈ ವಯಸ್ಸಿನಲ್ಲಿ ಹಟ ಹಿಡಿಯುವ ಗಂಡಸನ್ನು ಅಮ್ಮ ಹೇಗೆ ಸಂಭಾಳಿಸಿದಳೋ.

ಠಾಣೆಯಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತು, ಯಾರೂ ಕೇಳುವ ಮುಂಚೆ, "ಬರೆದುಕೊಳ್ಳಿ. ಬಣ್ಣ ಹಚ್ಚಿದ್ದು ನಾನು," ಎಂದರು.

ಸಬ್‌ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಟಂಗ್‌ಸ್ಟನ್ನಿನ ಸತ್ಯವನ್ನು ಕೂಡ ಬಿಟ್ಟುಕೊಡದ ಮನುಷ್ಯ ಹೀಗೆ ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಿನ್ನೆ ನಿಮ್ಮ ಮಗಳು ಬೇರೆ ಏನೋ ಹೇಳಿದರಲ್ಲ?"

"ಅವಳಿಗೆ ಗೊತ್ತಿಲ್ಲ. ನಾನೇ ಹಚ್ಚಿದ್ದು."

"ಸರಿ. ಯಾಕೆ ಹಚ್ಚಿದಿರಿ? ಕಣ್ಣು ತಾಗದಿರಲಿ ಅಂತಾನಾ? ಗುಂಡಿಗೆ ಯಾರ ಕಣ್ಣು ತಾಗುತ್ತದೆ ಕಾಕಾ?"

ಅಪ್ಪ ಮೇಜಿನ ಮೇಲಿದ್ದ ಬಟ್ಟೆಯ ಗಂಟನ್ನು ನೋಡುತ್ತ ಕೂತರು. ಆಮೇಲೆ ತಮ್ಮ ಮೈಸೂರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಗುಂಡಿಗೆ ಕಣ್ಣು ತಾಗದಿರಲಿ ಎಂದಲ್ಲ. ಗುಂಡು ಯಾರಿಗೂ ತಾಗದಿರಲಿ ಎಂದು. ಮನೆಯಲ್ಲಿ ಮಗುವಿದೆ, ಕೋವಿಯಿದೆ, ಭಯವಾಗುತ್ತದೆ. ಕೋವಿಯನ್ನು ಮಾರಿ ಎಂದರೆ ತಂದೆಯದು, ಮಾರುವುದಿಲ್ಲ ಎಂದು ಜಗಳ. ಆದ್ದರಿಂದ ಒಂದೊಂದೇ ಗುಂಡಿಗೆ ಬೊಟ್ಟಿಟ್ಟು ಇದು ಯಾವ ಜೀವಕ್ಕೂ ತಾಗಬೇಡ ಎಂದು ಕೇಳಿಕೊಳ್ಳುವುದು.

ಹಚ್ಚಿದ್ದು ತಾನೇ ಎಂದು ಹೇಳುತ್ತ ಅಪ್ಪ ಅಮ್ಮನ ಮಾತನ್ನೇ ಹೇಳುತ್ತಿದ್ದರು. ಜಗಳ ಯಾರ ಜೊತೆ ಎಂದು ಸಬ್‌ಇನ್‌ಸ್ಪೆಕ್ಟರ್ ಕೇಳಲಿಲ್ಲ. ಆ ಮಗು ನಾನು. ಇಷ್ಟು ವರ್ಷ ಗುಂಡಿನ ಬೊಟ್ಟನ್ನೂ ಕುಕ್ಕರು ಫ್ರಿಜ್ಜಿನ ಬೊಟ್ಟಿನ ಸಾಲಿಗೇ ಸೇರಿಸಿ ನಕ್ಕಿದ್ದೆ. ಅಮ್ಮ ಯಾವತ್ತೂ ನನಗೆ ಹೇಳಿರಲಿಲ್ಲ, ಅಪ್ಪನಿಗೆ ಹೇಳಿದ್ದಳು. ಲೋಕದಲ್ಲೇ ಅತ್ಯಂತ ಅಪಾಯಕಾರಿ ಗುಂಡಿನ ಗುರುತು ಎಂದು ಚಾರ್ಟು ಹೇಳುತ್ತಿದ್ದ ಬಣ್ಣವನ್ನು ಅವಳು ಹಚ್ಚಿದ್ದು ಇದಕ್ಕೆ.

ಸಬ್‌ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಳ್ಳಲಿಲ್ಲ. ಎದ್ದು ಒಳಗಿನ ಕೋಣೆಗೆ ಹೋಗಿ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದರು. ಇನ್‌ಸ್ಪೆಕ್ಟರ್ ನಿವೃತ್ತಿಗೆ ಹತ್ತಿರದವರು, ಹೊಟ್ಟೆ ದೊಡ್ಡದು, ಚಾರ್ಟುಗಳಲ್ಲಿ ಆಸಕ್ತಿಯಿಲ್ಲ. ಒಂದು ಕಾಡತೂಸನ್ನು ಎತ್ತಿ ಉಗುರಿನಿಂದ ತುದಿ ಕೆರೆದರು. ಕಪ್ಪು ಚಕ್ಕೆ ಎದ್ದಿತು, ಅಡಿಯಲ್ಲಿ ಸೀಸ ಕಂಡಿತು.

"ಕಾರ್ಖಾನೆಯ ಬಣ್ಣ ಹೀಗೆ ಏಳುತ್ತದೇನೋ?" ಎಂದು ಸಬ್‌ಇನ್‌ಸ್ಪೆಕ್ಟರನ್ನು ಗದರಿದರು. ನಮ್ಮ ಕಡೆ ತಿರುಗಿ, "ಥಿನ್ನರ್ ತನ್ನಿ, ಒರೆಸಿ ಹಾಕಿ. ಬಣ್ಣ ಹೋದರೆ ಇದು ಮಾಮೂಲು ಗುಂಡು. ಮಾಮೂಲು ಗುಂಡಿಗೆ ಲೈಸೆನ್ಸ್ ಇದೆ. ಕೇಸು ಯಾತರದು?" ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ವಿದ್ಯೆಯನ್ನು ಅವರು ಸರ್ವೀಸಿನಲ್ಲಿ ಕಲಿತಿದ್ದರು. ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಶೀಶೆ ಥಿನ್ನರ್ ತಂದರೆ ಉಕ್ಕಿನ ತಗಡನ್ನು ತೂರುವ ಗುಂಡು ಹಂದಿ ಓಡಿಸುವ ಗುಂಡಾಗುತ್ತದೆ. ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ದ ಒಬ್ಬ ಹುಡುಗಿ, ಎದುರಿನ ಚಹಾದಂಗಡಿಯವರು ಸಾಕ್ಷಿಗಳಾದರು. ಬಾಗಿಲ ಹತ್ತಿರ ಬೆಂಚಿನ ಮೇಲೆ ಪೇಪರು ಹಾಸಿದರು.

ನಾನು ಒರೆಸುತ್ತೇನೆ ಎಂದು ಹತ್ತಿ ತೆಗೆದುಕೊಂಡೆ. ಅಪ್ಪ ಕೊಡಲಿಲ್ಲ. ತಾವೇ ಒಂದೊಂದು ಕಾಡತೂಸು ಹಿಡಿದು, ಭಾನುವಾರದ ಹಾಗೆಯೇ, ಆದರೆ ಬಹಳ ನಿಧಾನವಾಗಿ ಒರೆಸಿದರು. ಹತ್ತಿ ಕಪ್ಪಾಯಿತು. ಗುಂಡುಗಳು ಹೊಳೆಯತೊಡಗಿದವು. ಹಿಂದೆ ಅಪ್ಪ ಒಮ್ಮೆಯೂ ಆ ಬಣ್ಣ ತೆಗೆದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅಷ್ಟು ರೇಗಿಸಿದವರು, ವಿಜ್ಞಾನ ಹೇಳಿದವರು, ಪ್ರತಿ ವಾರ ಎಣ್ಣೆ ಬಟ್ಟೆ ಹಿಡಿದು ಕೂರುತ್ತಿದ್ದವರು. ಚಹಾದಂಗಡಿಯವರು ಥಿನ್ನರಿನ ವಾಸನೆಗೆ ಸೀನುತ್ತ ಸಹಿ ಹಾಕಿದರು. ಸಬ್‌ಇನ್‌ಸ್ಪೆಕ್ಟರ್ ಸಾಧಾರಣ ಮದ್ದುಗುಂಡು ಎಂದು ಟೈಪು ಮಾಡಿ ರಸೀದಿ ಕೊಟ್ಟರು. ಕೇಸಿಲ್ಲ, ಅಪ್ಪ ಆರೋಪಿಯಲ್ಲ. ಹಿಂದಿನ ರಾತ್ರಿಯೇ ವಾಪಸಾಗಿದ್ದ ಮಗಳು ವಡೋದರದಿಂದ ಹನ್ನೆರಡು ನಗುಮುಖಗಳ ಮೆಸೇಜು ಕಳಿಸಿದಳು. ಗಂಡ ಅಂತೂ ಬುದ್ಧಿ ಬಂತಲ್ಲ ಎಂದರು.

ಮತದಾನವಾಯಿತು, ಎಣಿಕೆಯಾಯಿತು, ಗೆದ್ದವರು ಪಟಾಕಿ ಹೊಡೆದರು. ಒಪ್ಪಿಸಿದ ಆಯುಧಗಳನ್ನು ವಾಪಸು ಒಯ್ಯಬಹುದೆಂದು ಠಾಣೆಯಿಂದ ಫೋನು ಬಂತು. ಅಪ್ಪ ಅಂಗಿಗೆ ಇಸ್ತ್ರಿ ಮಾಡಿಕೊಂಡರು, ಆದರೆ ಸೀರೆ ತೆಗೆದುಕೊಳ್ಳಲಿಲ್ಲ. ಮರೆತಿರಬೇಕೆಂದು ನಾನೇ ಚೀಲದಲ್ಲಿ ಹಾಕಿಕೊಂಡೆ.

ಸಬ್‌ಇನ್‌ಸ್ಪೆಕ್ಟರ್ ಕೋವಿಯನ್ನೂ ಹೊಳೆಯುವ ಕಾಡತೂಸುಗಳನ್ನೂ ಮೇಜಿನ ಮೇಲಿಟ್ಟರು. "ನೋಡಿ ಕಾಕಾ, ಈಗ ಯಾವ ತೊಂದರೆಯೂ ಇಲ್ಲ. ಆರಾಮವಾಗಿ ಮನೆಯಲ್ಲಿಟ್ಟುಕೊಳ್ಳಿ."

ಅಪ್ಪ ಜೇಬಿನಿಂದ ಲೈಸೆನ್ಸು ತೆಗೆದು ಕೋವಿಯ ಪಕ್ಕದಲ್ಲಿಟ್ಟರು. "ಇದನ್ನೂ ತಗೊಂಡ್ಬಿಡಿ. ನನಗೆ ಬೇಡ," ಎಂದರು.

"ಅಪ್ಪ, ಏನಾಯ್ತು? ತಾತಂದು ಅದು," ಎಂದೆ ನಾನು.

"ಅವಳ ಬೊಟ್ಟಿತ್ತು, ಇಟ್ಕೊಂಡಿದ್ದೆ. ಬೊಟ್ಟಿಲ್ಲದ್ದನ್ನ ಮನೇಲಿ ಹ್ಯಾಗಮ್ಮ ಇಟ್ಕೊಳ್ಳೋದು? ಯಾರಿಗಾದ್ರೂ ತಾಗಿದ್ರೆ?"

ಸಬ್‌ಇನ್‌ಸ್ಪೆಕ್ಟರಿಗೆ ಕನ್ನಡ ಬಾರದು, ಕಾಕಾ ಏನಂದರು ಎಂದು ನನ್ನನ್ನು ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ. ಅವರು ಕೀಬೋರ್ಡು ಎಳೆದುಕೊಂಡು, ಒಪ್ಪಿಸಲು ಕಾರಣ ಎಂಬಲ್ಲಿ ಮದ್ದುಗುಂಡು ಅಪಾಯಕಾರಿಯಾಗಿರುವುದರಿಂದ ಎಂದು ಬರೆದರು.